ಎರಡೂ ಕಡೆಯ ಬೀಗರು

ಗಂಗೆಯನ್ನು ಜಡೆಯಲ್ಲಿ ತಡೆದು, ಲೋಕ ತಾಳುವಷ್ಟನ್ನೇ ಕೆಳಗೆ ಬಿಟ್ಟ ಪರಶಿವನಿಗೆ ಮೊದಲ ಶರಣು. ತುಂಗಭದ್ರೆಯನ್ನು ನಮ್ಮ ಎರೆನೆಲದವರೆಗೆ ನಡೆಸಿಕೊಂಡು ಬಂದ ಕಾಲುವೆಗೂ ಅದರ ದಂಡೆಯ ಮೇಲೆ ಬೆವರು ಸುರಿಸಿದವರಿಗೂ ಎರಡನೆಯ ಶರಣು. ಈ ಇಳಿವಯಸ್ಸಿನಲ್ಲಿಯೂ ಮುಂಜಾನೆ ಒಂದು ತಂಬಿಗೆ ತಿಳಿನೀರು ಹಿಡಿದು ಲಿಂಗಪೂಜೆಗೆ ಕೂರುವ ಭಾಗ್ಯ ನನಗಿದೆ. ಅದಕ್ಕೆ ಕಾರಣರಾದವರನ್ನೆಲ್ಲ ನೆನೆದು ಈ ಮಾತನ್ನು ಆರಂಭಿಸುತ್ತೇನೆ.

ಹಾಗೆ ಕಾರಣರಾದವರಲ್ಲಿ ಒಬ್ಬರಿಗೆ ತಲೆ ನೆಟ್ಟಗಿಲ್ಲ!

ಅವರು ನನ್ನ ಕಾಕಾನ ಮಗ. ವಯಸ್ಸಿನಲ್ಲಿ ಹಿರಿಯರಾದ್ದರಿಂದ ನನಗೆ ಅಣ್ಣ. ಮನೆ ಪಟ್ಟಣದಲ್ಲಿ, ಗದ್ದೆ ಪಕ್ಕದ ಹಳ್ಳಿಯಲ್ಲಿ. ಯಾವ ಪಟ್ಟಣ, ಯಾವ ಹಳ್ಳಿ ಎನ್ನುತ್ತೀರಾ? ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ ಎಲ್ಲೋ ಎಂದಷ್ಟೇ ಹೇಳಿ ಜಾರಿಕೊಳ್ಳುತ್ತೇನೆ. ಹೆಸರು ಬರೆದರೆ, ಯಾರದನ್ನು ಮೊದಲು ಬರೆದೆ ಎಂಬುದಕ್ಕೇ ಪಂಚಾಯಿತಿ ಸೇರೀತು!

ಅಣ್ಣನ ಮತದಲ್ಲಿ ಈ ಜಗತ್ತಿನ ಜನರೆಲ್ಲ ಎರಡೇ ಬಗೆ: ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು. ಹಳ್ಳಿಯೆಂದರೆ ಹೆಣ್ಣಿನ ಕಡೆ. ನೆಲ್ಲು, ಹಾಲು, ಕಾಯಿಪಲ್ಲೆ ಎಲ್ಲವನ್ನೂ ಕಟ್ಟಿ ಕಳಿಸಿ ಬಾಗಿಲಲ್ಲಿ ನಿಂತು ನೋಡುವವರು. ಪಟ್ಟಣವೆಂದರೆ ಗಂಡಿನ ಕಡೆ. ತರಿಸಿಕೊಂಡು ಉಂಡು, ಉಪ್ಪು ಕಡಿಮೆ ಎನ್ನುವವರು. ಇವರಿಬ್ಬರೂ ಬೀಗರೆಂಬುದು ಇವರಿಗೇ ಮರೆತುಹೋಗಿದೆ ಎಂಬುದು ಅಣ್ಣನ ಅಳಲು. ಆದ್ದರಿಂದ ಕಂಡಕ್ಟರನೂ ಬೀಗ, ಕಿರಾಣಿಯವನೂ ಬೀಗ, ಸೂಜಿ ಚುಚ್ಚಲು ಬಂದ ಡಾಕ್ಟರಮ್ಮನೂ ಬೀಗಿತಿ!

ಯಾವ ಸಭೆಗೂ ಸದಸ್ಯರಲ್ಲದ ಇವರು ಹಳ್ಳಿಯ ಪಂಚಾಯಿತಿ, ಪಟ್ಟಣದ ಪುರಸಭೆ ಎರಡರ ಸಭೆಗಳಿಗೂ ತಪ್ಪದೆ ಹಾಜರಾಗುತ್ತಿದ್ದರು. ಗ್ರಾಮ ಪಂಚಾಯಿತಿಯ ಅಧ್ಯಕ್ಷೆ, ಚುರುಕು ನಾಲಿಗೆಯ ಹೆಣ್ಣುಮಗಳು, ಒಮ್ಮೆ ಕೇಳಿಯೇಬಿಟ್ಟಳು:

"ಕಾಕಾ, ನೀವು ಯಾರ ಕಡ್ಯಾರಂತ ಇಲ್ಲಿ ಕುಂತೀರಿ?"

"ನಾ ಗಂಡಿನ ಕಡ್ಯಾವವ್ವ. ನಿಮ್ಮ ಕಷ್ಟ ಕೇಳಿ ಅಲ್ಲಿ ಹೇಳಾಕ ಬಂದೀನಿ."

ಪುರಸಭೆಯ ಅಧ್ಯಕ್ಷರಾದ ಸಾಹೇಬರೂ ಅದನ್ನೇ ಕೇಳಿದಾಗ, "ನಾ ಹೆಣ್ಣಿನ ಕಡ್ಯಾವ್ರೀ" ಎಂದರಂತೆ. ಸಾಹೇಬರು ನಕ್ಕು, "ಚಾ ಯಾರ ಲೆಕ್ಕದಾಗ ಕುಡೀತೀರಿ?" ಎಂದರೆ, "ಹೆಣ್ಣಿನ ಕಡ್ಯಾರು ಬಂದಾಗ ಚಾ ಲೆಕ್ಕ ಹಾಕೋ ಮನಿತನಾನಾ ನಿಮ್ದು?" ಎಂದು ಎರಡು ಕಪ್ಪು ಕುಡಿದು ಬಂದರು!

ಸಭೆಯ ನಡುವೆ ಒಂದಿಷ್ಟು ನಿದ್ದೆಯೂ ಉಂಟು. ಪುರಸಭೆಯ ಜಗಲಿಯಲ್ಲಿ, ಬೇವಿನ ನೆರಳು ಮುಖದ ಮೇಲೆ ಅಲುಗಾಡುತ್ತಿರುವಾಗ, ಅವರಿಗೊಂದು ಕನಸು ಬಿದ್ದಿತ್ತಂತೆ. ಪಟ್ಟಣವು ಎದ್ದು, ಬಸ್‌ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು, ಮೆಲ್ಲಗೆ ಹಳ್ಳಿಯ ಕಡೆ ನಡೆಯಿತಂತೆ. ಬೀದಿದೀಪಗಳು ಒಂದರ ಹಿಂದೊಂದು ಗದ್ದೆಗಿಳಿದು, ಬಾಗಿ ಬಾಗಿ ಭತ್ತದ ತೆನೆ ನೋಡಿದವಂತೆ. ಹಳ್ಳಿಯು ಅರಳಿಕಟ್ಟೆಯ ಮೇಲೆ ಸ್ವಲ್ಪ ಸರಿದು, "ಬರ್ರಿ, ಕುಂದರ್ರಿ" ಎಂದು ಜಾಗ ಬಿಟ್ಟಿತಂತೆ.

"ಆಮೇಲೆ ಏನಾತಣ್ಣ?" ಎಂದೆ, ನಾನೂ ಆ ಕನಸಿನೊಳಗೆ ಅರ್ಧ ನಡೆದು ಹೋಗಿ.

"ಆಮ್ಯಾಲೇನು? ಜವಾನ ಬಂದು ಎಬ್ಬಿಸಿದ!"

ಇಂಥವರ ಕೈಗೆ ಎರಡು ಊರುಗಳ ಬಾಯಾರಿಕೆ ಬಂದು ಸೇರಿತು.

ಪಟ್ಟಣಕ್ಕೂ ಹಳ್ಳಿಗೂ ಕುಡಿಯುವ ನೀರಿನ ಕೆರೆ ಒಂದೇ. ಅದು ಹಳ್ಳಿಯ ನೆಲದಲ್ಲಿದೆ. ದೊಡ್ಡ ಕಾಲುವೆಯಿಂದ ಅದಕ್ಕೆ ನೀರು ತರುವ ಸಣ್ಣ ಕಾಲುವೆಯಲ್ಲಿ ಹಳ್ಳಿಯ ಜೇಕುಹುಲ್ಲು ಆಳೆತ್ತರ ಬೆಳೆದಿತ್ತು. ಅದರ ಬುಡದಲ್ಲಿ ಪಟ್ಟಣದ ಪ್ಲಾಸ್ಟಿಕ್ ಹೆಪ್ಪುಗಟ್ಟಿತ್ತು. ದೊಡ್ಡ ಕಾಲುವೆಗೆ ನೀರು ನಿಲ್ಲಿಸುವ ದಿನ ಹತ್ತಿರ ಬಂದಿತ್ತು. ಅಷ್ಟರಲ್ಲಿ ಕೆರೆ ತುಂಬದಿದ್ದರೆ ಬೇಸಿಗೆಯುದ್ದಕ್ಕೂ ಎರಡೂ ಊರುಗಳ ನಲ್ಲಿಯಲ್ಲಿ ಗಾಳಿಯೇ ಗತಿ!

"ಪ್ಲಾಸ್ಟಿಕ್ ನಿಮ್ದು, ನೀವ ತಗೀರಿ" ಎಂದಿತು ಹಳ್ಳಿ.

"ಕಾಲುವಿ ನಿಮ್ಮ ಹದ್ದಿನಾಗ ಐತಿ, ನೀವ ತಗೀರಿ" ಎಂದಿತು ಪಟ್ಟಣ.

ಎರಡು ಸಭೆಗಳು ಆದವು. ಚಹಾ ಬಿಟ್ಟರೆ ಬೇರೇನೂ ಹರಿಯಲಿಲ್ಲ.

ಅಣ್ಣ ಒಂದು ಮುಂಜಾನೆ ಮಡಿಕೆ ಮುರಿಯದ ಧೋತರ ಉಟ್ಟು, ಹಣೆಯ ತುಂಬ ವಿಭೂತಿ ಧರಿಸಿ ಹೊರಟರು. ಕಂಡಕಂಡವರಿಗೆಲ್ಲ ಒಂದೇ ಮಾತು: "ಸೋಮವಾರ ಕೆರಿ ಕಟ್ಟಿ ಮ್ಯಾಲ ಬೀಗರು ಕೂಡೋರದಾರ. ಊಟಕ್ಕ ತಪ್ಪಸಬ್ಯಾಡ್ರಿ." ನಮ್ಮ ಸೀಮೆಯಲ್ಲಿ ಊಟಕ್ಕೆ ಕರೆದವರನ್ನು, ಮದುವೆ ಯಾರದೆಂದು ವಿಚಾರಿಸುವುದುಂಟೇ? ಅದು ಉಣಿಸುವವರಿಗೆ ಮಾಡುವ ಅವಮಾನ! ಸೋಮವಾರ ಪಟ್ಟಣವೂ ಬಂತು, ಹಳ್ಳಿಯೂ ಬಂತು. ಇಳಕಲ್ ಸೀರೆಗಳು, ಇಸ್ತ್ರಿ ಮಾಡಿದ ಜುಬ್ಬಾಗಳು, ಉಡುಗೊರೆಗೆಂದು ತಂದ ಸ್ಟೀಲಿನ ಬುಟ್ಟಿ, ಬೋಗುಣಿ, ಹಿತ್ತಾಳೆಯ ಕೊಡ. ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಸಾಹೇಬರು ಅತ್ತರು ಹಚ್ಚಿಕೊಂಡು ಬಂದಿದ್ದರು.

ಬಹಳ ಹೊತ್ತು ಕಾದ ಮೇಲೆ ಅಧ್ಯಕ್ಷೆ ಕೇಳಿದಳು: "ಕಾಕಾ, ಮದಿಮಗಳು ಎಲ್ಲ್ಯದಾಳ್ರೀ?"

ಅಣ್ಣ ದೂರದ ದೊಡ್ಡ ಕಾಲುವೆಯ ತೂಬಿನ ಕಡೆ ಕೈ ತೋರಿದರು. "ಅಲ್ಲಿ ನಿಂತಾಳವ್ವ, ನೀರವ್ವ. ಬರೋ ದಾರಿ ತುಂಬ ಹೊಲಸು ಹಾಕಿ ಕುಂತೀರಿ. ಹೆಂಗ ಬರಬೇಕು ಕೂಸು?"

ಸಾಹೇಬರು ಗಂಟಲು ಸರಿಮಾಡಿಕೊಂಡು, "ಅಂದ್ರ ಊಟ ಇಲ್ಲೇನ್ರೀ?" ಎಂದರು.

"ಊಟ ಐತ್ರಿ. ಮದಿಮಗಳು ಬರೋದ್ರಾಗ ಉಂಡು ಏಳೋ ಬೀಗರಾದ್ರ ಈಗ್ಲೇ ಕುಂದರ್ರಿ, ನೀಡ್ತೀನಿ!"

ಇಷ್ಟು ಕೇಳಿದ ಮೇಲೆ ಯಾರು ಕೂರುತ್ತಾರೆ? ಅಧ್ಯಕ್ಷೆ ಸೆರಗು ಬಿಗಿದು, "ಸಾಹೇಬ್ರ, ನೀವು ಬೀಗರು, ನೆರಳಾಗ ಕುಂದರ್ರಿ. ಹೆಣ್ಣಿನ ಕಡ್ಯಾರು ನಾವು ಮಾಡ್ತೀವಿ" ಎಂದು ಕಾಲುವೆಗೆ ಇಳಿದಳು.

"ತೋಬಾ ತೋಬಾ! ನೀವು ದುಡಿಯೋದು, ನಾವು ಕುಂತು ನೋಡೋದಾ? ಬೀಗರ, ನೀವ ಮ್ಯಾಲ ಬರ್ರಿ!" ಎಂದ ಸಾಹೇಬರು ಅತ್ತರಿನ ಸಮೇತ ಕೆಸರಿಗೆ ಇಳಿದರು. ಫೋನು ತೆಗೆದು ಪುರಸಭೆಯ ಜೆಸಿಬಿ ಕರೆಸಿದರು. ಹಳ್ಳಿ ಟ್ರ್ಯಾಕ್ಟರುಗಳನ್ನು ಕರೆಸಿತು. ನಿನ್ನೆಯವರೆಗೆ "ನೀವ ತಗೀರಿ" ಎಂದು ಜಗಳವಾಡಿದವರು ಇಂದು "ನೀವು ಬಿಡ್ರಿ, ನಾವು ತಗೀತೀವಿ" ಎಂದು ಅದಕ್ಕಿಂತ ದೊಡ್ಡ ಜಗಳ ಆಡಿದರು! ಉಡುಗೊರೆಯ ಬುಟ್ಟಿಗಳೆಲ್ಲ ಕೆಸರು ಹೊತ್ತವು. ನಾನೂ ಶಿವನಾಮ ಹೇಳುತ್ತ ಒಂದಿಷ್ಟು ಜೇಕು ಎಳೆದೆ. ಜೇಕಿಗಿಂತ ಹೆಚ್ಚು ನನ್ನ ಸೊಂಟವೇ ಕಿತ್ತು ಬಂತು.

ಹೊತ್ತು ಇಳಿಯುವಾಗ ತೂಬು ತೆರೆದರು. ನೀರು ಧಾವಿಸಿ ಬರಲಿಲ್ಲ. ಹೊಸ ನೆಲಕ್ಕೆ ಹೆಜ್ಜೆಯಿಡುವ ಹುಡುಗಿಯಂತೆ ನಿಂತು, ಅತ್ತಿತ್ತ ನೋಡಿ, ಮಣ್ಣನ್ನು ಮುಟ್ಟಿ ಮುಟ್ಟಿ ಬಂತು. ಅದರ ಮೈಮೇಲೆ ಸಂಜೆಯ ಕೆಂಪು, ಬೆಳ್ಳಕ್ಕಿಗಳ ನೆರಳು. ಹೆಂಗಸರು ಯಾರೂ ಹೇಳದೆಯೇ ಸೋಬಾನೆ ಎತ್ತಿದರು. ನಾವು ಎಚ್ಚರದಲ್ಲಿದ್ದೇವೆಯೋ ಯಾರದೋ ನಿದ್ದೆಯೊಳಗೆ ನಿಂತಿದ್ದೇವೆಯೋ ನನಗೆ ತಿಳಿಯಲಿಲ್ಲ. ನೀರು ಕೆರೆಗೆ ಧುಮುಕಿದಾಗ ಎರಡು ಊರುಗಳಿಂದ ಒಂದೇ ಕೂಗು ಎದ್ದಿತು.

ಅಣ್ಣ ಮಾತ್ರ ತಿರುಗಿ ನಿಂತು ಧೋತರದ ಚುಂಗಿನಿಂದ ಕಣ್ಣೊರೆಸುತ್ತಿದ್ದರು.

"ಯಾಕಣ್ಣ?" ಎಂದೆ.

"ಏನಿಲ್ಲೋ ತಮ್ಮಾ. ಹೆಣ್ಣು ಕಳಿಸಿಕೊಡೋದಂದ್ರ ಇಷ್ಟು ಸಂಕಟ ಇರ್ತದಂತ ನನಗೇನು ಗೊತ್ತಿತ್ತು?"

ಅಣ್ಣನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಜಗತ್ತನ್ನೆಲ್ಲ ಬೀಗರೆಂದು ಕರೆದವರನ್ನು ಯಾರೂ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಅದು ನನಗೂ ಹೊಳೆದದ್ದು ಆಗಲೇ.

ಅಧ್ಯಕ್ಷೆಗೆ ಆ ಮಾತು ಕೇಳಿಸಿರಬೇಕು. ಕೆಸರುಗೈಯಲ್ಲೇ ಅವರ ಪಾದ ಮುಟ್ಟಿದಳು. "ಏಳ್ರಿ, ಬೀಗರ. ಎಲಿ ಹಾಕೀವಿ" ಎಂದಳು. ಅವರ ಒಂದು ಮಗ್ಗುಲಲ್ಲಿ ಹಳ್ಳಿ ಕೂತಿತು, ಇನ್ನೊಂದು ಮಗ್ಗುಲಲ್ಲಿ ಪಟ್ಟಣ. ಸಾಹೇಬರು ಕೂರದೆ, ಬಾಗಿ ನಿಂತು ಹುಗ್ಗಿ ಬಡಿಸಿದರು.

ಜೇಕು ಕಿತ್ತ ಕೈಗಳು ತಂಪಾಗಿರಲಿ. ಪ್ಲಾಸ್ಟಿಕ್ ಹೊತ್ತ ತಲೆಗಳು ಎತ್ತರವಾಗಿರಲಿ. ತೂಬು ತೆರೆದವರ, ಒಲೆ ಉರಿಸಿದವರ, ಸೋಬಾನೆ ಹಾಡಿದವರ ಮನೆಯ ಕೊಡ ಬತ್ತದಿರಲಿ. ಬರೀ ಊಟಕ್ಕೆ ಬಂದು ಕೆಸರು ಮೆತ್ತಿಕೊಂಡು ಹೋದವರನ್ನೂ ಶಿವನು ಬೀಗರ ಮರ್ಯಾದೆಯಿಂದಲೇ ಕಾಣಲಿ.