ಏಳು ಬಿಳಿ ಕೋಳಿಗಳ ಆರೋಗ್ಯ ಇಲಾಖೆ

ನನ್ನ ಹೆಂಡತಿ ಮುನಿಲಕ್ಷ್ಮಮ್ಮ ತನ್ನ ತಂಗಿಯ ಮನೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಉದಾಹರಣೆಯಿಲ್ಲ. ನುಗ್ಗೆಕಾಯಿ, ಹುಣಸೆಹಣ್ಣು, ತಂಗಿಯ ಗಂಡನ ಗುಣಗಾನ, ಹೀಗೆ ಏನಾದರೊಂದನ್ನು ಹೊತ್ತು ತರುತ್ತಾಳೆ. ಎಂಬತ್ತಮೂರನೇ ಇಸವಿಯ ಒಂದು ಭಾನುವಾರ ಮಾತ್ರ ಬಿಳೇಕಹಳ್ಳಿಯಿಂದ ಆಟೋದಲ್ಲಿ ಏಳು ಕೋಳಿಗಳನ್ನು ತಂದಳು.

ಅವು ಕೋಳಿಗಳೆಂದು ಅವಳು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಅರ್ಧ ಮೈಮೇಲೆ ಪುಕ್ಕವಿರಲಿಲ್ಲ. ಜುಟ್ಟು ಬಿಳಿಚಿಕೊಂಡಿತ್ತು. ಇಷ್ಟು ದಿನ ತಂತಿ ಪಂಜರದಲ್ಲೇ ನಿಂತಿದ್ದವಾದ್ದರಿಂದ ಅಂಗಳದ ಮಣ್ಣು ಕಂಡು ಗಾಬರಿಯಾಗಿ, ಹೊಸದಾಗಿ ಎತ್ತರದ ಚಪ್ಪಲಿ ಹಾಕಿದವರಂತೆ ಒಂದೊಂದೇ ಕಾಲೆತ್ತಿ ಇಡುತ್ತಿದ್ದವು.

“ಲಕ್ಷ್ಮೀ, ಇದೇನೇ ಇದು?”

“ತಂಗಿ ಮನೆ ಹಿಂದಿನ ಕೋಳಿ ಫಾರಂ ಮುಚ್ಬಿಟ್ರು ಕಣ್ರೀ. ಇವೆಲ್ಲ ಮೊಟ್ಟೆ ಇಡೋದು ನಿಲ್ಸಿವೆಯಂತೆ. ಹೋಟ್ಲಿನೋರ ವ್ಯಾನು ಬಂದು ನಿಂತಿತ್ತು. ಕೈಗೆ ಸಿಕ್ಕಷ್ಟು ಎತ್ಕೊಂಡು ಬಂದೆ.”

“ಮೊಟ್ಟೆ ಇಡದ ಕೋಳಿಗೆ ಯಾಕೆ ಅನ್ನ ಹಾಕ್ಬೇಕು?”

“ಇಪ್ಪತ್ತು ವರ್ಷದಿಂದ ನಿಮಗೆ ಹಾಕ್ತಾ ಇಲ್ವಾ? ನೀವೆಷ್ಟು ಇಟ್ಟಿದೀರಿ?”

ಜಯನಗರದ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಎದುರಾಳಿ ಬಲವಾಗಿದ್ದಾಗ ವಾದ ಬಿಟ್ಟು ನಿಯಮಗಳ ಮೊರೆ ಹೋಗುವುದು ನಮ್ಮ ಪದ್ಧತಿ. ಮರುದಿನವೇ ದನದ ಆಸ್ಪತ್ರೆಗೆ ಹೋಗಿ ಕೋಳಿ ಆರೋಗ್ಯದ ಹದಿನಾರು ಪುಟದ ಕೈಪಿಡಿಯೊಂದನ್ನು ತಂದೆ. (ಮುಖಪುಟದ ಕೋಳಿ ನಮ್ಮ ಏಳಕ್ಕಿಂತ ಬಹಳ ಆರೋಗ್ಯವಾಗಿತ್ತು.) ಅದರ ಪ್ರಕಾರ, ಹೊಸ ಕೋಳಿಗಳನ್ನು ಹಳೆಯವುಗಳ ಜೊತೆ ಮೂವತ್ತು ದಿನ ಸೇರಿಸಕೂಡದು. ನಮ್ಮಲ್ಲಿ ಮೊದಲೇ ಎರಡು ನಾಟಿ ಕೋಳಿಗಳಿದ್ದವು. ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಬಾಗಿಲಿದ್ದು ಜನ ವಾಸಿಸದ ಕೋಣೆ ಒಂದೇ, ಬಚ್ಚಲು. ಹೀಗಾಗಿ ಒಂದು ತಿಂಗಳು ನಾನು ಏಳು ಹೆಂಗಸರ ಮುಂದೆ ಸ್ನಾನ ಮಾಡಿದೆ. ಅವು ತಲೆ ಓರೆ ಮಾಡಿ, ಒಂದೇ ಕಣ್ಣಿನಲ್ಲಿ ನೋಡುತ್ತಿದ್ದವು.

ಮೂರನೇ ದಿನ ಪಕ್ಕದ ಮನೆಯ ಅಕ್ಕಯಮ್ಮ ಬಂದು ಒಂದು ಕೋಳಿಯ ರೆಕ್ಕೆ ಎತ್ತಿ ನೋಡಿದಳು.

“ಚಿನ್ನಪ್ಪಣ್ಣ, ಏನೈತೆ,” ಅಂದಳು.

“ಏನೂ ಇಲ್ವಲ್ಲ.”

“ಅಯ್ಯೋ, ಏನೈತೆ ಕಣಣ್ಣ!”

“ಅದನ್ನೇ ನಾನೂ ಕೇಳ್ತಿರೋದು. ಏನಿದೆ, ನೀನೇ ಹೇಳು.”

“ಅದ್ನೇ ಯೋಳ್ತಾ ಇವ್ನಿ. ಏನು! ಮೈತುಂಬ ಏನು!”

“ರೀ, ಹೇನು! ಹೇನು ರೀ!” ಎಂದು ಒಳಗಿನಿಂದ ಹೆಂಡತಿ ಕೂಗಿ ನಮ್ಮಿಬ್ಬರನ್ನೂ ಪಾರು ಮಾಡಿದಳು.

ನಾನು ಕೈಪಿಡಿಯ ಒಂಬತ್ತನೇ ಪುಟ ತೆರೆದು ಓದುವಷ್ಟರಲ್ಲಿ ಅವಳು ಒಲೆಯ ಬೂದಿ ಜರಡಿ ಹಿಡಿದು, ಮರಳು ಬೆರೆಸಿ, ಒಣಗಿದ ಬೇವಿನ ಸೊಪ್ಪಿನ ಪುಡಿ ಹಾಕಿ ಹಳೆಯ ಬೇಸಿನ್ನಿಗೆ ತುಂಬಿದ್ದಳು. ಕೋಳಿಗಳು ಒಂದು ಗಳಿಗೆ ಯೋಚಿಸಿದವು. ಆಮೇಲೆ ಒಂದು ಅದರೊಳಗೆ ಬಿದ್ದು ಹೊರಳಿತು. ಉಳಿದ ಆರೂ ಅದರ ಮೇಲೆ ಬಿದ್ದವು. ಆ ಪ್ರಾಣಿಗಳು ಸುಖಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಪುಸ್ತಕ ಮುಚ್ಚಿದೆ.

ಗೂಡಿನ ಸಂದುಗಳಿಗೆ ಸೀಮೆಎಣ್ಣೆ ಸವರಿ ಸುಣ್ಣ ಬಳಿದದ್ದು ನಾನು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ, ಕನ್ನಡಕ ಹಾಕಿ, ಕಡ್ಡಿ ಹಿಡಿದು, ಹಿಕ್ಕೆ ಪರೀಕ್ಷೆ ಮಾಡಿದ್ದೂ ನಾನೇ. ಒಂದು ದಿನ ಅದರಲ್ಲಿ ದಾರದಂಥ ಹುಳು ಕಂಡಾಗ ನಾನು ಹಾಕಿದ ಕೂಗಿಗೆ ಅಕ್ಕಯಮ್ಮ ನನಗೆ ಪ್ರಮೋಶನ್ ಆಯಿತೆಂದು ತಿಳಿದಳಂತೆ. ಜಂತುಹುಳುವಿನ ಔಷಧಿಯನ್ನು ನೀರಿನಲ್ಲಿ ಬೆರೆಸಿಟ್ಟೆ. ಕೋಳಿಗಳು ಮೂಸಿಯೂ ನೋಡಲಿಲ್ಲ. ಹೆಂಡತಿ ಅದನ್ನೇ ರಾಗಿ ಮುದ್ದೆಯಲ್ಲಿ ಕಲಸಿ ಚೂರು ಮಾಡಿ ಎಸೆದಳು. ಅವು ಜಗಳವಾಡಿಕೊಂಡು ತಿಂದವು.

ನಾಲ್ಕು ವಾರದಲ್ಲಿ ಜುಟ್ಟಿಗೆ ಕೆಂಪು ಬಂತು, ಪುಕ್ಕ ಮೊಳೆಯಿತು. ಅಷ್ಟರಲ್ಲಿ ಉತ್ತರಹಳ್ಳಿ ಕಡೆಯಿಂದ ಸುದ್ದಿ ಬಂತು. ಅಲ್ಲಿ ಕೊಕ್ಕರೆ ರೋಗ ತಗುಲಿ ಕೋಳಿಗಳು ಕತ್ತು ತಿರುಚಿಕೊಂಡು ಬೀಳುತ್ತಿದ್ದವು, ಸಂಜೆಗೆ ಮಂಕರಿಗಟ್ಟಲೆ ಹೂಳುತ್ತಿದ್ದರು. ಅವತ್ತು ಹೆಂಡತಿ ನನ್ನನ್ನು ಬೈಯಲಿಲ್ಲ. “ಏನಾದ್ರೂ ಮಾಡ್ರೀ,” ಎಂದಷ್ಟೇ ಅಂದಳು. ಅದಕ್ಕೇ ನನಗೆ ಹೆದರಿಕೆಯಾಯಿತು. ಕಚೇರಿಗೆ ರಜೆ ಹಾಕಿ ಆಸ್ಪತ್ರೆಯ ಕಾಂಪೌಂಡರ್ ಏಕಾಂತಯ್ಯನವರ ಮುಂದೆ ಹೋಗಿ ಕೈಮುಗಿದೆ.

ಅವರು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಲಸಿಕೆಯ ಸೀಸೆ ಅದರಲ್ಲಿಟ್ಟು, ಸೈಕಲ್ ಮೇಲೆ ಬಂದರು.

“ಎಷ್ಟು ಕೋಳಿ ಸಾರ್?”

“ಒಂಬತ್ತು.”

“ಇದು ನೂರು ಕೋಳಿಗೆ ಆಗೋ ಸೀಸೆ. ಒಂದ್ಸಲ ಬೆರೆಸಿದ್ರೆ ಎರಡು ಗಂಟೆ ಒಳಗೆ ಮುಗಿಸ್ಬೇಕು. ಒಂಬತ್ತು ಕೋಳಿಗೆ ಹೆಂಗೆ ಒಡೀಲಿ?”

ನಾನು ಯೋಚಿಸತೊಡಗಿದೆ. ಹೆಂಡತಿ ಬೀದಿಗೇ ಇಳಿದಳು. ಹದಿನೈದು ನಿಮಿಷದಲ್ಲಿ ಇಡೀ ಬೀದಿ ಕಂಕುಳಲ್ಲಿ ಕೋಳಿ ಇಟ್ಟುಕೊಂಡು ನಮ್ಮ ಗೇಟಿನ ಮುಂದಿತ್ತು. ನಾನು ತಿಂಗಳು ಕಾಪಾಡಿದ ಪ್ರತ್ಯೇಕತೆ ಅಲ್ಲಿಗೆ ಮುಗಿಯಿತು. ಕೊನೆಯ ಪ್ರಯತ್ನವಾಗಿ ಗೇಟಿನ ಬಳಿ ಫಿನಾಯಿಲ್ ನೀರಿನ ತಟ್ಟೆಯಿಟ್ಟು, ಎಲ್ಲರೂ ಕಾಲು ಅದ್ದಿ ಬರಬೇಕೆಂದು ಆಜ್ಞೆ ಮಾಡಿದೆ. ಅಕ್ಕಯಮ್ಮ ಬಗ್ಗಿ, ಆ ನೀರನ್ನು ಭಕ್ತಿಯಿಂದ ಕಣ್ಣಿಗೆ ಒತ್ತಿಕೊಳ್ಳಲು ಹೊರಟಿದ್ದಳು. ಸಕಾಲದಲ್ಲಿ ಕೈ ಹಿಡಿದೆ. ತೂಕಡಿಸುತ್ತಿದ್ದ ಎರಡು ಕೋಳಿಗಳನ್ನು ಏಕಾಂತಯ್ಯನವರು ಮುಟ್ಟದೆ ವಾಪಸು ಕಳಿಸಿದರು.

ಕೋಳಿ ಹಿಡಿದು ರೆಕ್ಕೆ ಬಿಡಿಸುವ ಕೆಲಸ ನನ್ನದು, ಚುಚ್ಚುವುದು ಅವರದು. ಅರವತ್ತು ಕೋಳಿಗಳವರೆಗೆ ಎಲ್ಲ ಸುಸೂತ್ರ. ಕೊನೆಯದಾದ ಅರವತ್ತೊಂದನೆಯದು ನಮ್ಮದೇ ಬಿಳಿ ಕೋಳಿ, ನನ್ನ ಮುದ್ದೆ ತಿಂದು ಬಲಿತದ್ದು. ಅದು ಒಮ್ಮೆ ಕೊಸರಿತು. ಸೂಜಿ ನನ್ನ ಹೆಬ್ಬೆರಳಿಗೆ ಇಳಿಯಿತು.

“ಅಯ್ಯಯ್ಯೋ, ಸತ್ತೆ!”

ಏಕಾಂತಯ್ಯನವರು ಸಿರಿಂಜು ನೋಡಿದರು. “ಪೂರ್ತಿ ಡೋಸು ಹೋಗಿದೆ ಸಾರ್,” ಅಂದು ಕೋಳಿಗೆ ಇನ್ನೊಂದು ತುಂಬಿದರು.

“ಇವರಿಗೇನಾಗುತ್ತೆ ಏಕಾಂತಯ್ಯನೋರೇ?” ಹೆಂಡತಿ ಕೇಳಿದಳು.

“ಡಾಕ್ಟರಿಗೆ ಒಂದ್ಸಲ ತೋರ್ಸಿ. ಕೊಕ್ಕರೆ ರೋಗ ಅಂತೂ ಬರಲ್ಲ.”

ಬೆರಳು ಎರಡು ದಿನ ಊದಿ ಇಳಿಯಿತು. ಮುಂದಿನ ವಾರಗಳಲ್ಲಿ ರೋಗ ಸುತ್ತಮುತ್ತೆಲ್ಲ ಹಾದುಹೋಯಿತು. ನಮ್ಮ ಬೀದಿಯಲ್ಲಿ ಲಸಿಕೆ ಬಿದ್ದ ಒಂದು ಕೋಳಿಯೂ ಸಾಯಲಿಲ್ಲ. ಹೆಂಡತಿಗೆ ಕೋಳಿ ಡಾಕ್ಟ್ರಮ್ಮ ಎಂಬ ಬಿರುದು ಸಿಕ್ಕಿತು. ಆ ಸಂತೋಷದಲ್ಲಿ ಇರುವಾಗಲೇ ಒಂದು ಮಧ್ಯಾಹ್ನ ಏಕಾಂತಯ್ಯನವರು ರಿಜಿಸ್ಟರ್ ಹಿಡಿದು ಬಂದರು.

“ಒಂದು ತೊಂದ್ರೆ ಆಗಿದೆ ಅಕ್ಕ. ಡೋಸು ಅರವತ್ತೆರಡು ಖರ್ಚಾಗಿದೆ. ಕೋಳಿ ಅರವತ್ತೊಂದೇ ಇದೆ. ತಾಳೆ ಆಗದಿದ್ರೆ ಮೇಲಿನೋರು ನನ್ನ ಹಿಡ್ಕೋತಾರೆ.”

“ಹಂಗಾದ್ರೆ ಅರವತ್ತೆರಡು ಕೋಳಿ ಅಂತ ಬರ್ಕೊಳ್ಳಿ,” ಅಂದಳು ಹೆಂಡತಿ.

ನಾನು ಆಕ್ಷೇಪಿಸಲು ಬಾಯಿ ತೆರೆದೆ. ಸರ್ಕಾರಿ ರಿಜಿಸ್ಟರು ತಾಳೆಯಾಗಬೇಕಾದ ಅಗತ್ಯ ನನಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವರಿಗೆ ಬರೆಯಲು ಕುರ್ಚಿ ಎಳೆದುಕೊಟ್ಟೆ.

ಏಕಾಂತಯ್ಯನವರು ಪೆನ್ನು ತೆಗೆದು, ಮತ್ತೆ ತಡೆದರು. “ಇಲ್ಲಿ ಎರಡು ಕಾಲಂ ಇದೆ ಅಕ್ಕ. ಸಾರ್ ಅವರನ್ನ ಹುಂಜದಲ್ಲಿ ಹಾಕ್ಲಾ, ಹೇಂಟೆಯಲ್ಲಿ ಹಾಕ್ಲಾ?”

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

“ಹೇಂಟೆಗೇ ಹಾಕಿ. ಹುಂಜ ಆಗಿದ್ರೆ ಐದು ಗಂಟೆಗೆ ಎದ್ದು ನಮ್ಮನ್ನೂ ಎಬ್ಬಿಸ್ತಿತ್ತು.”

ಅವರು ಬರೆದುಕೊಂಡರು. ಕೆಳಗೆ ಕೋಳಿ ಮಾಲೀಕರ ಸಹಿ ಬೇಕಿತ್ತು. ಅದನ್ನು ಅವಳೇ ಹಾಕಿದಳು.