ಕೂಡಲೊಲ್ಲದ ಕಪ್ಲಿಂಗು

ನಾನು ಕೊಂಡ ಸಾಮಾನು ಅಂಗಡಿಯಲ್ಲಿರುವ ತನಕ ಬಂಗಾರ. ನಮ್ಮ ಮನೆಯ ಹೊಸ್ತಿಲು ದಾಟಿತೋ, ಹಟ ಹಿಡಿಯುತ್ತದೆ. ಅಂಗಡಿಯಲ್ಲಿ ಬಿಚ್ಚಿಕೊಂಡ ಛತ್ರಿ ಮಳೆಯಲ್ಲಿ ಬಿಚ್ಚಲಿಲ್ಲ. ಅಂಗಡಿಯಲ್ಲಿ ಹಾಡಿದ ರೇಡಿಯೊ ಮನೆಯಲ್ಲಿ ಬರೀ ಕೆಮ್ಮಿತು. ‘ಇಂಥವು ಎಲ್ಲರಿಗೂ ಆಗತಾವ’ ಎಂದು ಹೆಂಡತಿಗೆ ಹೇಳಿ ಪಾರಾಗುತ್ತಿದ್ದೆ. ಆದರೆ ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಒಂದು ಕಪ್ಲಿಂಗು ನನ್ನನ್ನು ಕಾಡಿದ ಹಾಗೆ ಬೇರೆ ಯಾರನ್ನಾದರೂ ಕಾಡಿರಬಹುದು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಆಗ ನಾನು ಗುಲ್ಬರ್ಗಾದ ಒಂದು ಕಾಲೇಜಿನಲ್ಲಿ ಫಿಜಿಕ್ಸ್ ಪಾಠ ಹೇಳುತ್ತಿದ್ದೆ. ಮನೆ ಅಲ್ಲಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ. ಅಣ್ಣ ನಮ್ಮೂರು ಕಮಲಾಪುರದಲ್ಲಿದ್ದುಕೊಂಡು ನಮ್ಮ ಕೆಂಪು ಬಾಳೆಯ ತೋಟ ನೋಡಿಕೊಳ್ಳುತ್ತಿದ್ದ. ಗೊಬ್ಬರದ ಬುಟ್ಟಿ ಹೊತ್ತು ಹೊತ್ತು ಅವನ ಸೊಂಟ ಹೋಗಿತ್ತು. ಬಗ್ಗಿದರೆ ಎಬ್ಬಿಸಲು ಇನ್ನೊಬ್ಬರು ಬೇಕು. ಅದನ್ನು ನೋಡಲಾರದೆ ನಾನೇ ದುಂಬಾಲು ಬಿದ್ದು ಎತ್ತುಗಳನ್ನು ಮಾರಿಸಿ, ಬಾಳೆಯ ಸಾಲುಗಳ ನಡುವೆ ತೂರುವಂಥ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೊಡಿಸಿದೆ. ಟ್ರಾಲಿ ಇನ್ನೊಬ್ಬರ ಹತ್ತಿರ ಸಿಕ್ಕಿತು. ಟ್ರ್ಯಾಕ್ಟರಿನ ಎಣ್ಣೆ ಹೋಸ್ ಪೈಪಿನಲ್ಲಿ ಹಾದು ಟ್ರಾಲಿಯ ಜಾಕಿಗೆ ಹೋದರೆ, ತೊಟ್ಟಿ ತಾನೇ ಮೇಲೆದ್ದು ಗೊಬ್ಬರ ಸುರಿಯುತ್ತದೆ. ಅದಕ್ಕೆ ಪೈಪಿನ ತುದಿಯ ತುಂಡನ್ನು ಟ್ರ್ಯಾಕ್ಟರಿನ ತುಂಡಿನೊಳಗೆ ಒತ್ತಬೇಕು, ಅದು ‘ಟಕ್’ ಎಂದು ಕೂಡಬೇಕು. ಈ ಜೋಡಿಯೇ ಕಪ್ಲಿಂಗು. ನಮ್ಮದು ಕೂಡಲೊಲ್ಲದು.

“ಕಾರ ಹುಣ್ಣಿವಿ ತನಕ ನೋಡ್ತೀನಿ,” ಎಂದ ಅಣ್ಣ. “ಅಷ್ಟರಾಗ ತಿಪ್ಪಿ ಗೊಬ್ಬರ ತೋಟಕ್ಕ ಬೀಳಬೇಕು. ಇಲ್ಲಂದ್ರ ಇದನ್ನ ಮಾರಿ ಎತ್ತು ತರ್ತೀನಿ. ಎತ್ತಿನ ಹಬ್ಬದ ದಿನಾ ಹೋಳಿಗಿ ನಾ ಏನು ಸೈಲೆನ್ಸರಿಗೆ ತಿನಸ್ಲೇನು?”

ಟ್ರ್ಯಾಕ್ಟರ್ ಹೋದರೆ ಮತ್ತೆ ಬುಟ್ಟಿ, ಮತ್ತೆ ಅದೇ ಸೊಂಟ. ಏನೇ ಆಗಲಿ, ಇದನ್ನು ಕೂಡಿಸಿಯೇ ತೀರುತ್ತೇನೆ ಎಂದು ನಾನೂ ಪಟ್ಟು ಹಿಡಿದೆ.

ನಮೂನಾ ತರ್ರಿ

ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಕೈ ಆಡಿಸಿ, ಬೆರಳು ಸುತ್ತಿ, ಕಪ್ಲಿಂಗು ಹೇಗಿದೆ ಎಂದು ವಿವರಿಸಿದೆ. ಅವರು ಶಾಂತವಾಗಿ ಕೇಳಿ, “ಸಾಬ್, ಬಾಯಿಮಾತಿಗಿ ಕಪ್ಲಿಂಗ್ ಸಿಗಂಗಿಲ್ಲ. ನಮೂನಾ ತರ್ರಿ,” ಎಂದರು.

ಕಮಲಾಪುರದ ಬಸ್ಸು ಹಿಡಿದೆ. ಟ್ರ್ಯಾಕ್ಟರಿನ ಕಡೆಯ ತುಂಡನ್ನು ಬಿಚ್ಚಿಕೊಂಡು ಬಂದು ಅವರ ಮುಂದಿಟ್ಟೆ.

“ಇದು ಟ್ರ್ಯಾಕ್ಟರಿಂದು. ಟ್ರಾಲಿದು ಎಲ್ಲದ?”

ಮತ್ತೆ ಬಸ್ಸು. ಅಣ್ಣನಿಗೆ ಟ್ರ್ಯಾಕ್ಟರ್ ಬೇಕಾಗಿದ್ದರಿಂದ ಮೊದಲಿನ ತುಂಡನ್ನು ಅಲ್ಲಿ ವಾಪಸ್ ಕೂಡಿಸಿ, ಟ್ರಾಲಿಯದನ್ನು ತಂದೆ.

“ಇದು ಟ್ರಾಲಿದು. ಮೊನ್ನಿಂದು ಎಲ್ಲದ?”

ಮೂರನೆಯ ಸಲ ಎರಡನ್ನೂ ಕೈಚೀಲದಲ್ಲಿ ಹಾಕಿಕೊಂಡು ಹೊರಟೆ. ಚೀಲದಿಂದ ಎಣ್ಣೆ ಸೋರಿದ್ದನ್ನು ಕಂಡು ಕಂಡಕ್ಟರ್, “ಉಪ್ಪಿನಕಾಯಿ ಯಾವ್ದರಿ, ಮಾವಿಂದೇನು?” ಎಂದು ಕೇಳಿದ. ಹೌದಪ್ಪಾ ಎಂದುಬಿಟ್ಟೆ. ಕಪ್ಲಿಂಗಿನ ಕತೆ ಹೇಳುವ ತ್ರಾಣ ನನ್ನಲ್ಲಿರಲಿಲ್ಲ.

ಅಂಗಡಿಯವರು ಎರಡನ್ನೂ ಒರೆಸಿ, ಒಂದರೊಳಗೊಂದು ಒತ್ತಿದರು. ‘ಟಕ್!’ ಬಿಡಿಸಿದರು. ಮತ್ತೆ ಒತ್ತಿದರು. ‘ಟಕ್!’

“ಮಸ್ತ್ ಕೂಡತಾವಲ್ರಿ ಸಾಬ್?”

“ನಿಮ್ಮ ಅಂಗಡಿನ್ಯಾಗ ಕೂಡತಾವ್ರಿ, ನಮ್ಮ ತೋಟದಾಗ ಕೂಡಂಗಿಲ್ಲ,” ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ ಹೇಳಿದರು: “ಹಂಗಾದ್ರ ಗೊಬ್ಬರಾನೂ ಇಲ್ಲಿಗೇ ತರ್ರಿ. ಜಾಗಾ ಮಾಡಿ ಕೊಡ್ತೀನಿ.”

ಸ್ಟಾಫ್‌ರೂಮಿನಲ್ಲಿ ಪ್ರಯೋಗ

ಹಳೆಯ ಜೋಡಿ ಸವೆದಿರಬೇಕು ಎಂದು ನಾನೇ ತೀರ್ಮಾನಿಸಿ, ಹೊಸ ಜೋಡಿಯನ್ನೇ ಕೊಂಡೆ. ನೇರವಾಗಿ ಕಾಲೇಜಿಗೆ ಹೋಗಬೇಕಾಗಿತ್ತು. ಅಲ್ಲಿ ಸ್ಟಾಫ್‌ರೂಮಿನ ಮೇಜಿನ ಮೇಲೆ ಅದನ್ನಿಟ್ಟದ್ದೇ ತಪ್ಪಾಯಿತು.

ಪರೀಕ್ಷೆಯ ಕಾಲ. ಎಲ್ಲರಿಗೂ ಪೇಪರು ನೋಡಿ ನೋಡಿ ಬೇಸರವಾಗಿತ್ತು. ಒಬ್ಬೊಬ್ಬರೇ ಬಂದು ಕೈಯಾಡಿಸತೊಡಗಿದರು. ಕೆಮಿಸ್ಟ್ರಿಯವರು ಎರಡು ತುಂಡನ್ನೂ ಜೋರಾಗಿ ಕೂಡಿಸಿಬಿಟ್ಟರು. ಆಮೇಲೆ ಅದು ಬಿಡಲೊಲ್ಲದು. ಇತಿಹಾಸದವರು ಎಳೆದರು, ಗಣಿತದವರು ತಿರುವಿದರು. ಗದ್ದಲ ಕೇಳಿ ಪ್ರಿನ್ಸಿಪಾಲರೇ ಬಂದರು. ಬೈಯುತ್ತಾರೆ ಎಂದುಕೊಂಡರೆ ಅವರು ಸಫಾರಿಯ ತೋಳೇರಿಸಿ, “ಕೊಡ್ರಿ ಇಲ್ಲೆ. ನಾ ಎನ್.ಸಿ.ಸಿ.ಯಾಗ ಇದ್ದಾವ,” ಎಂದರು.

ಒಂದು ಕಡೆ ಅವರು, ಇನ್ನೊಂದು ಕಡೆ ಕೆಮಿಸ್ಟ್ರಿಯವರು. ಇಬ್ಬರೂ ಕಾಲೂರಿ ಎಳೆದರು. ಅದು ಬಿಟ್ಟುಕೊಂಡ ರಭಸಕ್ಕೆ ಕೆಮಿಸ್ಟ್ರಿಯವರು ಉತ್ತರ ಪತ್ರಿಕೆಗಳ ಗಂಟಿನ ಮೇಲೆ ಕೂತರು. ಪ್ರಿನ್ಸಿಪಾಲರು ಬಾಗಿಲಿನಾಚೆ ಕೂತರು. ಒಳಗಿನ ಗ್ರೀಸು ಸಫಾರಿಯ ಮೇಲೆ ಕೂತಿತು.

ಮರುದಿನ ನೋಟೀಸು ಬಂತು: ‘ಸಿಬ್ಬಂದಿ ಕೋಣೆಯೊಳಗೆ ಒಕ್ಕಲುತನದ ಸಾಮಾನು ತರತಕ್ಕದ್ದಲ್ಲ.’ ಎಲ್ಲರೂ ಓದಿ ಸಹಿ ಮಾಡಬೇಕಿತ್ತು. ನನ್ನ ಸಹಿ ಎರಡು ಸಲ ಮಾಡಿಸಿಕೊಂಡರು.

ಕಪನೂರಿನ ಹವಾ

ಹೊಸ ಕಪ್ಲಿಂಗು ಹಾಕಿದ ಸಂಜೆ ಅದು ಬೆಣ್ಣೆಯಂತೆ ಕೂಡಿತು. ತೊಟ್ಟಿ ಎದ್ದಿತು, ಇಳಿಯಿತು. ಅಣ್ಣ ಇನ್ನೇನು ನಗುತ್ತಾನೆ ಎನ್ನುವ ಹಂತಕ್ಕೆ ಬಂದಿದ್ದ.

ಮರುದಿನ ಆಳುಗಳು ತಿಪ್ಪೆಯ ಹತ್ತಿರ ಟ್ರಾಲಿ ತುಂಬುತ್ತಿದ್ದರು. ಅಷ್ಟು ಹೊತ್ತು ಟ್ರ್ಯಾಕ್ಟರ್ ಯಾಕೆ ಸುಮ್ಮನಿರಬೇಕೆಂದು ಕಪ್ಲಿಂಗು ಬಿಡಿಸಿ ಉಳುವುದಕ್ಕೆ ಒಯ್ದೆವು. ಮಧ್ಯಾಹ್ನ ತಂದು ಮತ್ತೆ ಕೂಡಿಸಹೋದರೆ, ಇಲ್ಲ! ಕೈಯಿಂದ ಒತ್ತಿದೆ, ಹಿಮ್ಮಡಿಯಿಂದ ಒದ್ದೆ. ದಾರಿಯಲ್ಲಿ ಹೋಗುವವರೆಲ್ಲ ಒಂದು ಕೈ ನೋಡಿದರು. ಒಬ್ಬರು ಸಾಬೂನು ಹಚ್ಚು ಎಂದರು, ಇನ್ನೊಬ್ಬರು ತುಪ್ಪ ಎಂದರು. ಕೊನೆಗೆ ಗೊಬ್ಬರವನ್ನು ಬುಟ್ಟಿಯಲ್ಲೇ ಇಳಿಸಬೇಕಾಯಿತು. ಅಣ್ಣ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ತಾನೂ ಬುಟ್ಟಿ ಎತ್ತಿದ. ಬೈದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಇನ್ನು ತುಂಡು ಒಯ್ಯುವುದು ಸಾಕು, ಇಡೀ ಗಾಡಿಯನ್ನೇ ಒಯ್ಯುತ್ತೇನೆ ಎಂದು ನಿರ್ಧರಿಸಿದೆ. ಬಿಸಿಲು ಏರುವ ಮೊದಲೇ ಟ್ರ್ಯಾಕ್ಟರಿಗೆ ಖಾಲಿ ಟ್ರಾಲಿ ಕಟ್ಟಿಕೊಂಡು ಹೊರಟು, ಗುಲ್ಬರ್ಗಾದ ಹೊರಗಿನ ಕಪನೂರಿನ ಒಂದು ಲೇತ್ ಅಂಗಡಿಯ ಮುಂದೆ ನಿಲ್ಲಿಸಿದೆ. ಲೇತಿನ ಮಾಲಕರು ಚಹಾದ ಬಸಿ ಒಂದು ಕೈಯಲ್ಲಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಪೈಪು ಒತ್ತಿದರು. ‘ಟಕ್!’

“ಏನು ರಿಪೇರಿ ಮಾಡ್ಲಿರಿ ಸರ್ ಇದರಾಗ?”

“ಅಲ್ಲಿ ಕೂಡಂಗಿಲ್ಲರಿ.”

“ಹಂಗಾದ್ರ ತಪ್ಪು ಕಪ್ಲಿಂಗಿಂದಲ್ಲರಿ, ನಿಮ್ಮೂರಿಂದು.”

ಊರಿಗೆ ಮರಳುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಟ್ರಾಲಿ ಬಿಟ್ಟು ಗೊಬ್ಬರ ತುಂಬಲು ಹೇಳಿ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿಕೊಂಡು ಬಂದೆ. ಪೈಪು ಮತ್ತೆ ಮುನಿಸಿಕೊಂಡಿತ್ತು.

“ಕಪನೂರಾಗ ಕೂಡಿತ್ತು ಅಣ್ಣಾ, ನಾ ಕಣ್ಣಾರೆ ನೋಡೀನಿ,” ಎಂದೆ.

“ಕಪನೂರಾಗ ಕೂಡಿದ್ರ ನನಗೇನು ಬಂತು? ಬಾಳಿ ಅಲ್ಲಿ ಹಚ್ಚೀನೇನು?”

ಆತ್ಯಾನ ಕೊಡ

ಕಾರ ಹುಣ್ಣಿಮೆ ಹತ್ತಿರ ಬಂತು. ಅಣ್ಣ ಎತ್ತಿನ ವ್ಯಾಪಾರಿಯೊಬ್ಬರಿಗೆ ಹೇಳಿ ಕಳಿಸಿಯೇ ಬಿಟ್ಟ: ಜೋಡಿ ಎತ್ತು ಕೊಟ್ಟು ಟ್ರ್ಯಾಕ್ಟರ್, ಟ್ರಾಲಿ ಒಯ್ಯಬೇಕು. ಅವರು ಮಟಮಟ ಮಧ್ಯಾಹ್ನ, ಹ್ಯಾಂಡಲಿಗೆ ಚೀಲ ತೂಗುಹಾಕಿದ ಮೊಪೆಡ್ಡಿನ ಮೇಲೆ ಬಂದರು. ಗೊಬ್ಬರ ತುಂಬಿದ ಟ್ರಾಲಿ ಅಂಗಳದಲ್ಲಿ ಬೆಳಗಿನಿಂದ ಬಿಸಿಲಿಗೆ ನಿಂತಿತ್ತು. ಅವರು ಮೊಪೆಡ್ಡಿನ ಸೀಟು ಕಾಯಬಾರದೆಂದು ಅದನ್ನು ಟ್ರಾಲಿಯ ಹಿಂದೆ, ಅಂಗೈಯಷ್ಟು ನೆರಳಿನಲ್ಲಿ ನಿಲ್ಲಿಸಿ ಬಂದರು.

“ಅಣ್ಣಾ, ಒಂದು ಸಲ. ಇದು ಕೊನೀದು,” ಎಂದು ನಾನು ಲುಂಗಿ ಎತ್ತಿ ಕಟ್ಟಿ, ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ತೂರಿಕೊಂಡೆ. ಇವತ್ತು ಕಪ್ಲಿಂಗಾದರೂ ಉಳಿಯಬೇಕು, ನಾನಾದರೂ ಉಳಿಯಬೇಕು.

ಅದೇ ಹೊತ್ತಿಗೆ ಆತ್ಯಾ ಬಂದಳು. ಆತ್ಯಾ ಎಂದರೆ ನಮ್ಮ ತಂದೆಯ ತಂಗಿ, ಅಣ್ಣನ ಮನೆಯಲ್ಲೇ ಇದ್ದವಳು. ಸ್ನಾನ ಮಾಡಿ ಮಡಿಯುಟ್ಟಳೆಂದರೆ ಪೂಜೆ, ನೈವೇದ್ಯ, ಊಟ ಮುಗಿಯುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ದೇವರಿಗೆ ಬಾವಿಯ ನೀರನ್ನು ತಾನೇ ತುಂಬಿ ತರಬೇಕು. ಬಾವಿಯಿಂದ ಬರುವ ದಾರಿ ನಾನು ಕೂತಿದ್ದ ಜಾಗದ ಪಕ್ಕದಲ್ಲೇ. ನಾನು ಮೈಯೆಲ್ಲ ಬಲ ಹಾಕಿ ಒತ್ತಿದೆ, ಕೈ ಜಾರಿತು, ಮೊಣಕೈ ಹೋಗಿ ಅವಳ ಕೊಡಕ್ಕೆ ತಾಗಿತು.

“ಅಗ ಬಾಯಿ! ದೇವರ ನೀರಿಗೆ ಮೈಲಿಗಿ ಮಾಡಿದ್ಯಲ್ಲೋ!”

ಮೈಲಿಗೆಯಾದ ನೀರು ಒಳಗೆ ಹೋಗುವಂತಿಲ್ಲ. ನಿಂತಲ್ಲೇ ಇಡೀ ಕೊಡ ಬೋರಲು ಮಾಡಿದಳು, ಪೈಪಿನ ಮೇಲೆ, ಜಾಕಿನ ಮೇಲೆ, ನನ್ನ ಮೇಲೆ. ಕಾದ ಕಬ್ಬಿಣ ಚುರ್ ಎಂದಿತು. ಗೊಣಗುತ್ತ ಮತ್ತೊಂದು ಕೊಡ ತುಂಬಿ ತಂದಳು. ಈ ಸಲ ಅಣ್ಣ ಅವಳಿಗೆ ದಾರಿ ಬಿಡಲು ಹೋಗಿ ತಾನೇ ಕೊಡಕ್ಕೆ ತಾಗಿದ. ಆ ಕೊಡವೂ ಅಲ್ಲೇ ಬೋರಲು.

“ಅಣ್ಣತಮ್ಮ ಇಬ್ರೂ ಕೂಡಿ ನನ್ನ ಮಡಿ ಕೆಡಸ್ಲಿಕ್ಕೇ ಇದನ್ನ ತಂದೀರೇನು?” ಎಂದು ಮೂರನೆಯ ಕೊಡಕ್ಕೆ ಹೋದಳು.

ನಾನು ಮುಖ ಒರೆಸಿಕೊಂಡು, ಆಸೆಯಿಲ್ಲದೆ ಇನ್ನೊಮ್ಮೆ ಒತ್ತಿದೆ.

‘ಟಕ್!’

ಅಣ್ಣ ನನ್ನನ್ನು ನೋಡಿದ, ನಾನು ಅಣ್ಣನನ್ನು ನೋಡಿದೆ. ಎಲ್ಲಿ ಮತ್ತೆ ಮನಸ್ಸು ಬದಲಾಯಿಸುತ್ತದೋ ಎಂದು ಓಡಿಹೋಗಿ ಟ್ರ್ಯಾಕ್ಟರ್ ಚಾಲೂ ಮಾಡಿ ಲಿವರ್ ಎಳೆದೆ. ತೊಟ್ಟಿ ಮೆಲ್ಲಗೆ ಏಳತೊಡಗಿತು. ನನ್ನ ಕಣ್ಣಲ್ಲಿ ನೀರೇ ಬಂತು. ಎಲ್ಲರೂ ಬಾಯಿ ತೆರೆದು ಮೇಲೆ ನೋಡುತ್ತಿದ್ದೆವು. ಹಿಂದೆ ನೋಡಿದವರು ಯಾರೂ ಇಲ್ಲ. ಇಡೀ ಗೊಬ್ಬರ ದಬದಬನೆ ಒಂದೇ ಕಡೆ ಇಳಿಯಿತು.

“ನನ್ನ ಗಾಡಿ!” ಎಂದು ವ್ಯಾಪಾರಿ ಕೂಗಿದಾಗ ಕನ್ನಡಿಯೊಂದು ಮಾತ್ರ ಹೊರಗೆ ಕಾಣುತ್ತಿತ್ತು.

ಮೂವರೂ ಸೇರಿ ಕೆದರತೊಡಗಿದೆವು. ಕೆದರುತ್ತಲೇ ಅಣ್ಣ ಕೇಳಿದ: “ಇಷ್ಟು ದಿನಾ ಏನು ಧಾಡಿ ಆಗಿತ್ತೋ ಅದಕ್ಕ?”

“ಬಿಸಿಲಿಗೆ ಒಳಗಿನ ಎಣ್ಣಿ ಹಿಗ್ಗಿ, ಒಳಗಿಂದ ಒತ್ತಿ ಹಿಡೀತಿತ್ತು ಅಣ್ಣಾ. ತಣ್ಣೀರು ಬಿದ್ದು ಕುಗ್ಗಿತು, ಕೂಡಿತು. ಬಿಸಿಗೆ ದ್ರವ ಹಿಗ್ಗತದ.”

“ಇದು ನಿನಗ ಈಗ ಗೊತ್ತಾತೇನು?”

“ಇಲ್ಲ... ಪ್ರತಿ ವರ್ಷಾ ಇದನ್ನೇ ಪಾಠ ಮಾಡ್ತೀನಿ.”

ಅಣ್ಣ ಕೆದರುವುದನ್ನು ನಿಲ್ಲಿಸಿದ. “ಮತ್ತ ಹುಡುಗರು ಪಾಸ್ ಹ್ಯಾಂಗ ಆಗ್ತಾರ?”

ಅಷ್ಟರಲ್ಲಿ ವ್ಯಾಪಾರಿ ಮೊಪೆಡ್ಡನ್ನು ಹೊರಗೆಳೆದು, ಮೀಸೆ ಒರೆಸಿಕೊಂಡು, “ಆಗಿದ್ದಾತು ಬಿಡ್ರಿ. ಟ್ರ್ಯಾಕ್ಟರ್ ಜೋರದ. ಎತ್ತು ನಾಳಿಗೇ ಹೊಡಕೊಂಡು ಬರ್ತೀನಿ,” ಎಂದರು.

“ನಮ್ಮ ಟ್ರ್ಯಾಕ್ಟರ್ ಮಾರಂಗಿಲ್ಲರಿ,” ಎಂದ ಅಣ್ಣ.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಮೊಪೆಡ್ ಏರಿ ಪೆಡಲ್ ತುಳಿದರು. ಸೊಂಟ ಹೋದ ನಮ್ಮ ಅಣ್ಣ ಅವತ್ತು ಓಡಿದ್ದನ್ನು ನಾನು ನೋಡಿದೆ. ಓಡಿಹೋಗಿ ಹ್ಯಾಂಡಲ್ ಹಿಡಿದು ನಿಲ್ಲಿಸಿದ.

“ತಡ್ರಿ, ತಡ್ರಿ! ಸೀಟಿನ ಮ್ಯಾಲಿಂದು, ಚೀಲದಾಗಿಂದು ಎಲ್ಲಾ ಝಾಡಿಸಿ ಹೋಗ್ರಿ. ಗೊಬ್ಬರ ನಮ್ಮದದ!”