ಗುಲ್‌ಮೊಹರಿನ ಮೈಮೇಲೆ ನನ್ನ ಉಗುರು

ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡದಿದ್ದರೆ ನನ್ನ ಕಾಲು ಮುಂದಕ್ಕೆ ಹೋಗುವುದಿಲ್ಲ. ಟಪಾಲು ಡಬ್ಬಿಗೆ ಪತ್ರ ಹಾಕಿದ ಮೇಲೂ ಅದರ ಬಾಯಿಯಲ್ಲಿ ಬೆರಳಾಡಿಸಿ, ಪತ್ರ ಕೆಳಗೆ ಬಿದ್ದಿತೇ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಒಮ್ಮೆ ಲಕ್ಷ್ಮೇಶ್ವರದಲ್ಲಿ ದಾರಿಹೋಕರೊಬ್ಬರು ನಾನು ಯಾರದೋ ಪತ್ರ ಕದಿಯುತ್ತಿದ್ದೇನೆಂದು ತಿಳಿದು ನನ್ನ ಕೈ ಹಿಡಿದುಕೊಂಡಿದ್ದರು. ಇದಕ್ಕೆ ನಾನು ಜಾಗರೂಕತೆ ಎನ್ನುತ್ತೇನೆ. ನನ್ನ ಹೆಂಡತಿ ಗಂಗವ್ವ ಇದಕ್ಕೆ ಏನೆನ್ನುತ್ತಾಳೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕರ್ನಾಟಕ ಒಂದಾದ ವರ್ಷ ನಾನು ಬೆಟಗೇರಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅಲ್ಲಿಯವರೆಗೆ ಮುಂಬಯಿಯ ಕಡೆ ಮುಖ ಮಾಡಿ ಕುಳಿತಿದ್ದ ನಾವು, ಆ ನವೆಂಬರಿನಲ್ಲಿ ಮೈಸೂರಿನ ಕಡೆ ತಿರುಗಿ ಕುಳಿತಿದ್ದೆವು. ಆ ಕಡೆಯಿಂದಲೇ ಬಂದ ಹೊಸ ಇನ್‌ಸ್ಪೆಕ್ಟರ್ ಸಾಹೇಬರು ಏಕೀಕರಣದ ನೆನಪಿಗೆಂದು ಶಾಲೆಯ ಅಂಗಳದಲ್ಲಿ ಎದೆಯೆತ್ತರದ ಒಂದು ಗುಲ್‌ಮೊಹರ್ ಸಸಿ ನೆಟ್ಟರು. ಕೆಂಪು ಹೂವು, ಕೊಡೆಯಂಥ ನೆರಳು ಎಂದೆಲ್ಲ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಸೀಮೆಯಲ್ಲಿ ನೆರಳೆಂದರೆ ಬೇವು. ಒಂದು ಕೊಡ ನೀರಿಗೆ ಹೆಂಗಸರು ಬಾವಿಯ ಕಟ್ಟೆಯ ಮೇಲೆ ಬೆಳಗಿನಿಂದ ಕಾಯುವ ಊರಿನಲ್ಲಿ, ತಿನ್ನಲು ಏನೂ ಕೊಡದ ಗಿಡವನ್ನು ಸಾಕುವುದು ಜಂಭದ ಕೆಲಸವೆಂದೇ ಎಲ್ಲರ ಮನಸ್ಸಿನಲ್ಲಿತ್ತು.

ಸಾಹೇಬರ ಮೋಟಾರು ತಿರುವಿನಲ್ಲಿ ಮರೆಯಾದದ್ದೇ ತಡ, ಹೆಡ್‌ಮಾಸ್ತರರು ನನ್ನನ್ನು ಕರೆದರು. “ಈ ಗಿಡ ನಿಮ್ಮ ಕಡೆ ಇರಲಿ. ಒಣಗಿದ್ರ ನಿಮ್ಮ ಹೆಸರಿನ ಮ್ಯಾಲ ರಿಪೋರ್ಟ್ ಹೋಗತೈತಿ. ಹಮ್ಮಿಗಿ ಶಾಲ್ಯಾಗ ಒಂದು ಜಾಗಾ ಖಾಲಿ ಐತಿ, ನೆನಪಿರಲಿ.”

ಹಮ್ಮಿಗಿ ಕೆಟ್ಟ ಊರೇನಲ್ಲ. ತುಂಗಭದ್ರೆಯ ದಂಡೆ, ನೀರಿಗೆ ಬರವಿಲ್ಲ. ಆದರೆ ಗಂಗವ್ವ ಆಗ ಬಸುರಿ. ಹಿಂದೆ ಮುಂಡರಗಿಯಲ್ಲಿದ್ದಾಗ ಒಂದು ಕೂಸು ಹುಟ್ಟಿ ಮೂರು ದಿನಕ್ಕೆ ತೀರಿಕೊಂಡಿತ್ತು. ನಾನು ಆ ವಾರ ಬೇರೆ ಊರಿನಲ್ಲಿ ಪರೀಕ್ಷೆಯ ಕೆಲಸದ ಮೇಲಿದ್ದೆ; ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಟಗೇರಿಯಲ್ಲಿ ಅವಳ ತವರುಮನೆ ನಮ್ಮ ಓಣಿಯಲ್ಲೇ ಇತ್ತು. ಹೆಡ್‌ಮಾಸ್ತರರ ಮಾತು ಹೇಳಿದಾಗ ಅವಳು ಸಿಟ್ಟು ಮಾಡಲಿಲ್ಲ. “ಈ ಸಲ ನೀವು ಇಲ್ಲೇ ಇರಬೇಕ್ರಿ” ಎಂದಳು, ಅಷ್ಟೇ. ಅಂದಿನಿಂದ ಆ ಸಸಿಯ ಜೀವಕ್ಕೂ ನನ್ನ ಜೀವಕ್ಕೂ ಗಂಟು ಬಿತ್ತು.

ಆಡು ಬಾಯಿ ಹಾಕದಂತೆ ಜಾಲಿಮುಳ್ಳಿನ ಬೇಲಿ ಹಾಕಿದೆ. ಮನೆಯಲ್ಲಿ ಅಕ್ಕಿ ತೊಳೆದ ನೀರು, ಮುಖ ತೊಳೆದ ನೀರು, ಎಲ್ಲವನ್ನೂ ಹೊತ್ತುಕೊಂಡು ಹೋಗಿ ಹಾಕಿದೆ. ಶಾಲೆಯ ಎದುರಿಗೆ ನೇಕಾರರ ಮನೆಗಳು. ಅಲ್ಲಿಯ ನೀಲವ್ವ ಎಂಬ ಮುದುಕಿ ಬೀದಿಯುದ್ದಕ್ಕೂ ಮಗ್ಗದ ಹಾಸುನೂಲು ಬಿಗಿದು ಅದಕ್ಕೆ ಗಂಜಿ ಸವರುತ್ತ, ನನ್ನ ಈ ಓಡಾಟ ನೋಡಿ ನಗುತ್ತಿದ್ದಳು. ಸಸಿ ಹಸಿರಾಗಿತ್ತು. ನಾನೂ ನಕ್ಕೆ.

ಸಂಕ್ರಾಂತಿ ಕಳೆದ ಮೇಲೆ ಎಲೆ ಉದುರತೊಡಗಿದವು. ಮೊದಲು ನಾಲ್ಕು, ಆಮೇಲೆ ನಲವತ್ತು, ಆಮೇಲೆ ಎಣಿಸಲು ಏನೂ ಉಳಿಯಲಿಲ್ಲ. ಅಂಗಳದಲ್ಲಿ ಒಂದು ಕೋಲು ನಿಂತಿತ್ತು. ಸರಿಯಾಗಿ ಆಗಲೇ ಕಾಗದ ಬಂತು: ಸಾಹೇಬರು ಎಂಟು ದಿನಕ್ಕೆ ತಪಾಸಣೆಗೆ ಬರುತ್ತಾರೆ. ಗಂಗವ್ವನಿಗೆ ಎಂಟನೆಯ ತಿಂಗಳು.

ಗಿಡ ಸತ್ತಿದೆಯೋ ಇಲ್ಲವೋ ತಿಳಿಯಲು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಉಪಾಯವಿದೆ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡುವುದು. ಒಳಗೆ ಹಸಿರಿದ್ದರೆ ಜೀವ ಇದೆ. ನಾನು ಕೆರೆದೆ. ಹಸಿರಿತ್ತು. ಅಂದು ಊಟ ರುಚಿಸಿತು. ಆದರೆ ಅದು ನಿನ್ನೆಯ ಹಸಿರು. ಇವತ್ತಿನ ಗತಿ ಏನು? ಮರುದಿನ ಬೆಳಿಗ್ಗೆ ಮತ್ತೆ ಕೆರೆದೆ, ಮಧ್ಯಾಹ್ನ ಒಂದು ಸಲ, ಸಂಜೆ ಇನ್ನೊಂದು ಸಲ. ಮೇಲೆ ಹಸಿರಿದ್ದರೆ ಬುಡದಲ್ಲಿ ಇರಬೇಕೆಂದೇನೂ ಇಲ್ಲವಲ್ಲ, ಅಲ್ಲಿಯೂ ಕೆರೆದೆ. ನನ್ನನ್ನು ನೋಡಿ ಉಳಿದ ಮಾಸ್ತರರೂ ಹೋಗುತ್ತ ಬರುತ್ತ ಒಂದೊಂದು ಉಗುರು ಹಾಕಿದರು. ಗದಗಿನ ಸ್ಟೇಶನ್ನಿನ ಕಡೆ ಇಂಥ ಮರಗಳು ಆಗಲೇ ಇದ್ದವೆಂದು ಆಮೇಲೆ ತಿಳಿಯಿತು. ಅಷ್ಟು ದೂರ ನಡೆದು ಹೋಗಿ ಅವು ಹೇಗಿವೆ ಎಂದು ನೋಡುವ ಬುದ್ಧಿ ಓದು ಬರಹ ಬಲ್ಲ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ.

ಸಾಹೇಬರು ಬರುವ ಹಿಂದಿನ ದಿನ ಬೇಲಿಯ ಬಳಿ ಕುಳಿತಿದ್ದಾಗ ನೀಲವ್ವ ಬಂದಳು. ಬಾಗಿ ನೋಡಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

“ಮಾಸ್ತರ, ಗಿಡ ಒಣಗಿಲ್ರಿ. ನೀವು ಅದರ ಚರ್ಮಾ ಸುಲದೀರಿ.”

ಆಗ ನಾನು ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಮೊಣಕಾಲೆತ್ತರದಲ್ಲಿ ಸುತ್ತಲೂ ತೊಗಟೆ ಇರಲಿಲ್ಲ. ಒಂದೇ ಕಡೆ, ಒಂದು ಬೆರಳಿನ ಅಗಲದಷ್ಟು ಉಳಿದಿತ್ತು. ನೀಲವ್ವ ಮನೆಗೆ ಹೋಗಿ ಸಗಣಿ, ಕೆಮ್ಮಣ್ಣು ತಂದು ಗಂಜಿಯಲ್ಲಿ ಕಲಸಿ ಗಾಯಕ್ಕೆ ಮೆತ್ತಿದಳು. ಅದರ ಮೇಲೆ ಮಗ್ಗದಲ್ಲಿ ಉಳಿದ ತುಂಡು ನೂಲನ್ನು ಒತ್ತೊತ್ತಾಗಿ ಸುತ್ತಿದಳು. ಹರಿದ ಎಳೆ ಕೂಡಿಸುವಾಗ ಇರುತ್ತಿದ್ದ ಹಾಗೆಯೇ ಅವಳ ಬೆರಳು ಶಾಂತವಾಗಿದ್ದವು. ನನ್ನನ್ನು ದೂರ ನಿಲ್ಲಿಸಿದ್ದಳು.

ಮರುದಿನ ಸಾಹೇಬರು ಇಳಿದವರೇ ಸಸಿಯ ಕಡೆಗೆ ನಡೆದರು. ಬೋಳು ಕೋಲು, ಅದಕ್ಕೊಂದು ಪಟ್ಟಿ. ನಾನು ಮುಂದೆ ಬಂದು ಎಲ್ಲ ತಪ್ಪು ನನ್ನದೇ, ಗಿಡ ನನ್ನ ಕೈಯಿಂದಲೇ ಹೋಯಿತು ಎಂದೆ. ಸಾಹೇಬರು ಆಶ್ಚರ್ಯದಿಂದ ನನ್ನನ್ನು ನೋಡಿದರು.

“ಇದು ಬೇಸಿಗೆಗೆ ಎಲೆ ಉದುರಿಸುತ್ತೆ ಕಣ್ರೀ. ಹಾಗೇ ಬಿಟ್ಟರೆ ತಾನೇ ಚಿಗುರುತ್ತೆ. ಅದಿರಲಿ, ಈ ಪಟ್ಟಿ ಯಾಕೆ? ಗಿಡಕ್ಕೆ ಏನಾಗಿತ್ತು?”

ರಿಪೋರ್ಟ್ ಬರೆಯುತ್ತೇನೆಂದಿದ್ದ ಹೆಡ್‌ಮಾಸ್ತರರೇ ಕೆಮ್ಮಿ ಮುಂದೆ ಬಂದರು. ಅವರ ಬಲಗೈಯ ಉಗುರಿನಲ್ಲಿಯೂ ಹಸಿರು ಮೆತ್ತಿಕೊಂಡಿದ್ದುದು ನನಗೆ ಆಗ ಕಂಡಿತು.

“ಗಿಡಕ್ಕೇನೂ ಆಗಿಲ್ರಿ, ಸಾಹೇಬ್ರ. ಆಗಿದ್ದು ಮಾಸ್ತರಗ.”

ಸಾಹೇಬರು ನಕ್ಕು ಶಾಲೆಯೊಳಗೆ ಹೋದರು. ಹಮ್ಮಿಗಿಯ ಮಾತು ಅಲ್ಲಿಗೇ ನಿಂತಿತು. ಯುಗಾದಿ ಕಳೆದು ಎರಡು ವಾರಕ್ಕೆ ಸಸಿಯ ತುದಿಯಲ್ಲಿ ಚಿಗುರು ಕಾಣಿಸಿತು. ಅದೇ ವಾರ ಗಂಗವ್ವ ಹೆತ್ತಳು. ಹೆಣ್ಣು ಕೂಸು. ನಾನು ಊರಿನಲ್ಲೇ, ಬಾಗಿಲ ಹೊರಗೇ ಇದ್ದೆ. ಅದರ ಅಳು ಕೇಳಿದಾಗ ನನಗೂ ಅಳು ಬಂತು, ಮುಚ್ಚಿಡಲಿಲ್ಲ.

ಮೊದಲ ನಾಲ್ಕು ದಿನ ಕೂಸಿಗೆ ನಿದ್ದೆ ಹತ್ತಿದ ಕೂಡಲೇ ನಾನು ತೊಟ್ಟಿಲ ಬಳಿ ಹೋಗುತ್ತಿದ್ದೆ. ಸುಮ್ಮನೆ ಮಲಗಿದ ಕೂಸನ್ನು ನೋಡಿದರೆ ಉಸಿರಿದೆಯೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ಪಾದಕ್ಕೆ ಬೆರಳು ತಾಗಿಸುತ್ತಿದ್ದೆ, ಅದು ಚೀರಿ ಏಳುತ್ತಿತ್ತು, ನನಗೆ ನೆಮ್ಮದಿಯಾಗುತ್ತಿತ್ತು. ಐದನೆಯ ದಿನ ಗಂಗವ್ವ ಹಾಸಿಗೆಯಿಂದಲೇ ನನ್ನ ಕೈ ಹಿಡಿದು, “ಅದು ಬದುಕೇತ್ರಿ. ನೀವು ಇನ್ನ ಶಾಲಿಗೆ ಹೋಗ್ರಿ” ಎಂದಳು. ಹೋದೆ. ಹೊಸ್ತಿಲು ದಾಟಿದ ಮೇಲೆ ತಿರುಗಿ ಬಂದು, ಕಿಟಕಿಯಿಂದ ಒಂದೇ ಒಂದು ಸಲ ಇಣುಕಿದೆ. ಗಂಗವ್ವ ತೊಟ್ಟಿಲನ್ನು ಆಗಲೇ ಕಿಟಕಿಗೆ ಕಾಣದ ಮೂಲೆಗೆ ಸರಿಸಿಬಿಟ್ಟಿದ್ದಳು.